ಮುಂದಿನ ಸಾಲಿನಲ್ಲಿ ಕೂತವರು

ಜಯನಗರದ ಒಂದು ಕಫೆಯ ಮಹಡಿ. ಅರವತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಸ್ಟೂಲು, ಒಂದು ಮೈಕು. ಕನ್ನಡ ಸ್ಟ್ಯಾಂಡಪ್ ನೋಡಲು ಹೋದ ನನಗೆ ಸಿಕ್ಕಿದ್ದು ಮುಂದಿನಿಂದ ಎರಡನೆಯ ಸಾಲು. ಹಿಂದಿನ ಸಾಲುಗಳು ಮೊದಲೇ ತುಂಬಿದ್ದವು. ಜನಕ್ಕೆ ಗೊತ್ತಿತ್ತು!

ಬರೆದು ತಂದ ಭಾಗ ಚೆನ್ನಾಗಿತ್ತು: ಮನೆ ಓನರು, ಅಡ್ವಾನ್ಸು, ನೀರಿನ ಟ್ಯಾಂಕರು. ನನ್ನನ್ನು ಕಾಡಿದ್ದು ನಡುವಿನ ಇಪ್ಪತ್ತು ನಿಮಿಷ. ಪ್ರೇಕ್ಷಕರನ್ನು ಮಾತಿಗೆಳೆದು ಅಲ್ಲೇ ನಗೆ ಹುಟ್ಟಿಸುವ ಇದನ್ನು ಈ ಕಸುಬಿನವರು ‘ಕ್ರೌಡ್ ವರ್ಕ್’ ಎನ್ನುತ್ತಾರೆ. ರೀಲ್ಸ್‌ಗಳಲ್ಲಿ ನಾವು ಹೆಚ್ಚಾಗಿ ನೋಡುವುದೂ ಇದನ್ನೇ. ಅದಕ್ಕೆ ವ್ಯವಹಾರದ ಕಾರಣವಿದೆ. ಬರೆದ ಜೋಕನ್ನು ಆನ್‌ಲೈನಿಗೆ ಬಿಟ್ಟರೆ ಮುಂದಿನ ಊರಿನಲ್ಲಿ ಅದು ಹಳಸಲು. ಪ್ರೇಕ್ಷಕರ ಜೊತೆ ಆಡಿದ ಮಾತು ಹೇಗೂ ಮತ್ತೆ ಬೇಕಾಗುವುದಿಲ್ಲ.

ಆಶುಮಾತು ನಮಗೆ ಹೊಸದಲ್ಲ. ಯಕ್ಷಗಾನದ ಹಾಸ್ಯಗಾರ ರಂಗದಲ್ಲೇ ಮಾತು ಕಟ್ಟುತ್ತಾನೆ. ಮಾಸ್ಟರ್ ಹಿರಣ್ಣಯ್ಯ ‘ಲಂಚಾವತಾರ’ದೊಳಕ್ಕೆ ಅಂದಂದಿನ ರಾಜಕಾರಣವನ್ನು ಎಳೆದು ತರುತ್ತಿದ್ದರು. ಆದರೆ ಅವರ ಗುರಿ ಅಧಿಕಾರದಲ್ಲಿದ್ದವನು. ಇಲ್ಲಿ ಗುರಿ ಟಿಕೆಟ್ ಕೊಂಡು ಮುಂದೆ ಕೂತವನು. ಮೈಕು ಮಾತ್ರ ಒಬ್ಬನ ಕೈಯಲ್ಲೇ.

ಹಾಗೆಂದು ಈ ಪ್ರಕಾರವನ್ನೇ ತಳ್ಳಿಹಾಕಲಾರೆ. ಬಿಳಿಗೂದಲಿನ ಹೆಂಗಸೊಬ್ಬರನ್ನು ‘ಏನ್ ಮಾಡ್ತೀರಾ ಆಂಟಿ?’ ಎಂದು ಕೇಳಿದ. ‘ನಿನ್ನಂಥೋರ ಪೇಪರ್ ತಿದ್ದಿ ತಿದ್ದಿ ರಿಟೈರ್ ಆದೆ ಕಣಪ್ಪ’ ಎಂದರು. ಅವನು ಮೈಕನ್ನು ಸ್ಟೂಲಿನ ಮೇಲಿಟ್ಟು ನೆಲದ ಮೇಲೆ ಕೈಕಟ್ಟಿ ಕೂತುಬಿಟ್ಟ. ಆ ಸಂಜೆಯ ಅತ್ಯುತ್ತಮ ಗಳಿಗೆ ಅದು. ಯಾವ ತಾಲೀಮಿನಿಂದಲೂ ಅದು ಬರುವುದಿಲ್ಲ. ಸೋಲಲು ಅವನು ಒಪ್ಪಿದ್ದರಿಂದ ಬಂತು.

ಆಮೇಲೆ ನನ್ನ ಸಾಲಿನ ಹುಡುಗನೊಬ್ಬ ಸಿಕ್ಕ. ‘ಯಾವೂರು ಗುರು?’ ನಮ್ಮಲ್ಲಿ ಈ ಪ್ರಶ್ನೆ ಊರಿಗೇ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಅದರ ಮುಂದಿನ ಪ್ರಶ್ನೆಗಳು ಗೊತ್ತು. ‘ಕಲಬುರಗಿ ರೀ. ಇಲ್ಲೇ ಕಂಪನ್ಯಾಗ ಕೆಲ್ಸ ಮಾಡ್ತೀನ್ರಿ’ ಎಂದ. ಅದರಲ್ಲಿ ಹಾಸ್ಯವೇನೂ ಇರಲಿಲ್ಲ. ಕಲಾವಿದ ಅದೇ ವಾಕ್ಯವನ್ನು ರಾಗವೆಳೆದು ತಿರುಗಿ ಹೇಳಿದ, ಅಷ್ಟೇ. ಸಭೆ ಬಿದ್ದು ಬಿದ್ದು ನಕ್ಕಿತು. ಕಂಬಾರರ ‘ಜೋಕುಮಾರಸ್ವಾಮಿ’ಯಲ್ಲಿ ಉತ್ತರ ಕರ್ನಾಟಕದ ಮಾತು ಕಾಮ, ಸಿಟ್ಟು, ಸಾವು ಎಲ್ಲವನ್ನೂ ಹೊತ್ತಿತ್ತು. ಇಲ್ಲಿ ಅದು ಬರೀ ಧ್ವನಿ. ನಮ್ಮ ಸಿನಿಮಾಗಳು ವರ್ಷಗಟ್ಟಲೆ ಕಲಿಸಿದ ನಗು ಇದು. ಇವನು ಅದನ್ನು ಕಡ ತಂದ. ಜೋಕು ಕೆಟ್ಟದ್ದು ಎನ್ನುವುದಕ್ಕಿಂತ ಸೋಮಾರಿಯದು ಎಂಬುದು ನನ್ನ ತಕರಾರು.

ನಾನೂ ನಕ್ಕೆ.

‘ನೀವು ಮೇಡಂ, ಯಾವೂರು?’

ನಮ್ಮೂರು ಸಿಂಧನೂರು. ‘ವಿಜಯನಗರ’ ಎಂದೆ, ರೂಮಿರುವ ಬಡಾವಣೆಯ ಹೆಸರು. ‘ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಾಯಿಸ್ಕೊಂಡು ಬಂದ್ರಾ? ಪಾಪ’ ಎಂದು ಮುಂದಿನವರತ್ತ ಹೋದ. ಎರಡು ಕುರ್ಚಿ ಆಚೆ ಕಲಬುರಗಿಯ ಹುಡುಗ ಇನ್ನೂ ನಗುಮುಖ ಮಾಡಿಕೊಂಡೇ ಕೂತಿದ್ದ.