ಸಪ್ಪೆ ಮುದ್ದೆ, ಸಿಹಿ ಟೀ: ಜಂಗಮಕೋಟೆ ಸೀಮೆಯ ಊಟದ ಒಂದು ವಿಮರ್ಶೆ

ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಹೋಬಳಿಯ ಊಟದ ಕ್ರಮದಲ್ಲಿ ಮೊದಲು ಗಮನಿಸಬೇಕಾದುದು ಅದರ ರಚನೆಯನ್ನು. ಅನೇಕ ಮನೆಗಳಲ್ಲಿ ರಾಗಿಮುದ್ದೆಗೆ ಉಪ್ಪು ಹಾಕುವುದಿಲ್ಲ. ಊಟದ ಉಪ್ಪು ಬಹುಮಟ್ಟಿಗೆ ಬಸ್ಸಾರಿನಲ್ಲೋ ಮಸ್ಸೊಪ್ಪಿನಲ್ಲೋ ಒಂದೇ ಕಡೆ ನಿಲ್ಲುವುದರಿಂದ ಅಡುಗೆಯವರ ಕೈಗೆ ಅದರ ಅಳತೆ ತಿಳಿದಿರುತ್ತದೆ, ಹೆಚ್ಚಾದರೆ ಉಣ್ಣುವವರ ನಾಲಿಗೆಗೂ ಗೊತ್ತಾಗುತ್ತದೆ. ಸೊಪ್ಪು ಮತ್ತು ಅವರೆ, ಅಲಸಂದೆಯಂಥ ಕಾಳುಗಳಲ್ಲಿರುವ ಪೊಟ್ಯಾಸಿಯಂ, ಉಪ್ಪಿನ ಸೋಡಿಯಂ ರಕ್ತದೊತ್ತಡದ ಮೇಲೆ ಬೀರುವ ಪರಿಣಾಮವನ್ನು ಒಂದಿಷ್ಟು ತಗ್ಗಿಸುತ್ತದೆ.

ಆದರೆ ಹಳೆಯದೆಂಬ ಕಾರಣಕ್ಕೇ ಈ ಕ್ರಮ ನಿರ್ದೋಷಿಯಾಗುವುದಿಲ್ಲ. ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚದಷ್ಟು ಉಪ್ಪು ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾಗಿದ್ದರೆ, ಭಾರತೀಯರ ಸರಾಸರಿ ಸೇವನೆ ಸುಮಾರು 8 ಗ್ರಾಂ. ಮಿತಿಮೀರಿದ ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಟ್ಟು ರಕ್ತದ ಪ್ರಮಾಣವನ್ನು ಹೆಚ್ಚಿಸುತ್ತದೆ; ಅದರಿಂದ ರಕ್ತದೊತ್ತಡ ಏರುತ್ತದೆ. ಆ ಒತ್ತಡ ವರ್ಷಗಟ್ಟಲೆ ಮುಂದುವರಿದಾಗ ರಕ್ತನಾಳ, ಹೃದಯ, ಮೂತ್ರಪಿಂಡಗಳು ಸದ್ದಿಲ್ಲದೆ ಸವೆಯುತ್ತವೆ. ಬೆವರು ಸುರಿಸುವವರಿಗೆ ಉಪ್ಪು ಹೆಚ್ಚು ಬೇಕೆಂಬ ವಾದದಲ್ಲಿ ಅರ್ಧ ಸತ್ಯವಿದೆ: ರೇಷ್ಮೆ ನೂಲು ಬಿಚ್ಚಾಣಿಕೆಯ ಬಿಸಿಯಲ್ಲಿ ದುಡಿಯುವವರಿಗೆ ಮೊದಲು ಬೇಕಾದುದು ನೀರು; ಸಾರು, ಉಪ್ಪಿನಕಾಯಿ, ಹಪ್ಪಳಗಳಿಂದ ಬರುವ ಉಪ್ಪು ಸಾಮಾನ್ಯವಾಗಿ ಬೆವರಿನ ನಷ್ಟವನ್ನೂ ತುಂಬುತ್ತದೆ.

ಸಕ್ಕರೆಯ ವಿಷಯ ಇನ್ನೂ ಗಂಭೀರವಾದುದು, ಏಕೆಂದರೆ ಅದು ಊಟದ ಹೊರಗೆ ಬೆಳೆದಿದೆ. ರೇಷ್ಮೆ ಹುಳುಗಳಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕುವ ದುಡಿಮೆಗೂ, ಗೂಡಿನ ಮಾರುಕಟ್ಟೆಯ ಓಡಾಟಕ್ಕೂ ಟೀ ಜೊತೆಯಾಗುತ್ತದೆ. ಎರಡು ಚಮಚ ಸಕ್ಕರೆಯ ಐದು ಲೋಟ ಟೀ ಎಂದರೆ ಸುಮಾರು 40 ಗ್ರಾಂ; 2,000 ಕ್ಯಾಲೊರಿಯ ಆಹಾರದಲ್ಲಿ ಹೊರಗಿನಿಂದ ಸೇರುವ ಸಕ್ಕರೆ 50 ಗ್ರಾಂ ಮೀರಬಾರದು, 25 ಗ್ರಾಂನೊಳಗಿದ್ದರೆ ಲೇಸು ಎಂಬ ಸಲಹೆಯ ಮುಂದೆ ಇದು ಸಣ್ಣ ಲೆಕ್ಕವಲ್ಲ. ಖರ್ಚಾಗದೆ ಉಳಿದ ಸಕ್ಕರೆ ಯಕೃತ್ತಿನಲ್ಲಿ, ಅಂದರೆ ಪಿತ್ತಜನಕಾಂಗದಲ್ಲಿ ಕೊಬ್ಬಾಗುತ್ತದೆ. ಕೊಬ್ಬು ಸೇರಿದ ದೇಹ ಇನ್ಸುಲಿನ್‌ಗೆ ಮಣಿಯದಾದಾಗ ಮಧುಮೇಹಕ್ಕೆ ದಾರಿಯಾಗುತ್ತದೆ. ಬೆಲ್ಲವೂ ಬಹುಪಾಲು ಸಕ್ಕರೆಯೇ ಆಗಿರುವುದರಿಂದ ಅದಕ್ಕೂ ಇದೇ ಮಿತಿ ಅನ್ವಯಿಸುತ್ತದೆ.

ಇವೆರಡಕ್ಕಿಂತ ದೊಡ್ಡ ಕೇಡು ಅಂಗಡಿಯ ಪೊಟ್ಟಣ ಮತ್ತು ಬೇಕರಿ ತಿಂಡಿಗಳಲ್ಲಿದೆ. ಅಲ್ಲಿ ಉಪ್ಪು, ಸಕ್ಕರೆಗಳ ಅಳತೆ ಮನೆಯವರ ಕೈತಪ್ಪುತ್ತದೆ; ಸಿಹಿ ಬಿಸ್ಕತ್ತಿನಲ್ಲೂ ಉಪ್ಪು ಅಡಗಿರುವುದನ್ನು ನಾಲಿಗೆ ಗುರುತಿಸಲಾರದು. ಪೊಟ್ಟಣದ ಮೇಲೆ 400 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ ಅದು 1 ಗ್ರಾಂ ಉಪ್ಪಿಗೆ ಸಮ ಎಂಬ ಲೆಕ್ಕವನ್ನು ಶಾಲೆಯ ಮಕ್ಕಳಿಗೂ ಕಲಿಸಬೇಕಾಗಿದೆ.

ಈ ಸೀಮೆಯ ಊಟದ ನಿಜವಾದ ಗುಣ, ಉಪ್ಪು ಎಲ್ಲಿದೆ, ಎಷ್ಟಿದೆ ಎಂಬುದು ಉಣ್ಣುವವರಿಗೆ ತಿಳಿದಿರುವುದರಲ್ಲಿದೆ. ಉಳಿಸಿಕೊಳ್ಳಬೇಕಾದುದೂ ಆ ತಿಳಿವನ್ನೇ. ಮುದ್ದೆಯನ್ನು ಸಪ್ಪೆಯಾಗಿಯೇ ಉಂಡು ತೃಪ್ತಿಪಡುವ ನಾಲಿಗೆಗೆ ಟೀಯಲ್ಲಿ ಒಂದು ಚಮಚ ಸಕ್ಕರೆ ಕಡಿಮೆ ಮಾಡಿಕೊಳ್ಳುವುದು ಹೊಸ ವಿದ್ಯೆಯೇನಲ್ಲ.