ಬಿದಿರು ಮೆಳೆಯ ದಾಯಾದಿ

ಭಾನುವಾರ ಬೆಳಿಗ್ಗೆ ಆರೂವರೆಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಬಿದಿರು ಮೆಳೆಯ ಹತ್ತಿರ ನಿಂತರೂ ಬಳ್ಳಾರಿ ರಸ್ತೆಯ ಗದ್ದಲ ಬಿಡುವುದಿಲ್ಲ. ಏರ್‌ಪೋರ್ಟಿಗೆ ಓಡುವ ಬಸ್ಸುಗಳ ಸದ್ದಿನ ನಡುವೆಯೇ ಸಣ್ಣ ಗೆಜ್ಜೆ ಅಲುಗಿಸಿದಂಥ ದನಿ. ಟಿಕೆಲ್‌ನ ನೀಲಿ ನೊಣಹಿಡುಕ. ಕೆಳಗಿನ ರೆಂಬೆಯಲ್ಲಿ ನೆಟ್ಟಗೆ ಕೂತಿರುತ್ತದೆ, ಸರಕ್ಕನೆ ಹಾರಿ ಹುಳ ಹಿಡಿಯುತ್ತದೆ, ಮತ್ತೆ ಬಂದು ಕೂರುತ್ತದೆ. ಬೆನ್ನು ನೀಲಿ, ಎದೆ ಕಿತ್ತಳೆ. "ಇದು ದಿನಾ ಸಿಗತ್ತೆ ಬಿಡಿ ಸಾರ್" ಅಂತ ಕ್ಯಾಮೆರಾದವರು ಮುಂದೆ ಹೋಗುತ್ತಾರೆ.

ನಾನು ನಿಲ್ಲುತ್ತೇನೆ. ಇದರ ದಾಯಾದಿಯೊಂದು ಬಾಬಾಬುಡನ್‌ಗಿರಿಯ ಶೋಲಾ ಕಾಡಿನಲ್ಲಿದೆ: ನೀಲಗಿರಿ ಶೋಲಕಿಳಿ. (ಮಲಯಾಳದಲ್ಲಿ ಕಿಳಿ ಅಂದರೆ ಹಕ್ಕಿ. ನಮ್ಮ ಗಿಳಿಯೂ ಅದೇ ಮಾತು. ಈ ಹಕ್ಕಿಗೂ ಗಿಳಿಗೂ ಮಾತ್ರ ಏನೂ ಸಂಬಂಧವಿಲ್ಲ.) ಬೆಟ್ಟದ ನೆತ್ತಿಯ ತಂಪಿಗೆ ಒಗ್ಗಿದ ಈ ಹುಳಬಾಕನಿಗೆ ಕೆಳಗಿನ ಬಿಸಿ ಬಯಲೇ ಕಡಲು, ದಾಟುವುದಿಲ್ಲ. ಹಾಗಾಗಿ ಬೆಟ್ಟಕ್ಕೊಂದು ಬಗೆ. ಪಾಲಕ್ಕಾಡ್ ಕಣಿವೆಯ ಉತ್ತರಕ್ಕೆ ನಮ್ಮದು, ದಕ್ಷಿಣಕ್ಕೆ ಬಿಳಿಹೊಟ್ಟೆಯದು, ಶೆಂಕೋಟ್ಟೆ ಕಣಿವೆಯಾಚೆ ಆಶಂಬು ಬೆಟ್ಟಗಳದ್ದು ಬೇರೆಯೇ.

ಹಳೆಯ ಹಕ್ಕಿ ಪುಸ್ತಕಗಳು ಶೋಲಕಿಳಿಯನ್ನು 'ಶಾರ್ಟ್‌ವಿಂಗ್' ಗುಂಪಿಗೆ ಸೇರಿಸಿದ್ದವು. ಉದ್ದ ಕಾಲು, ನೆಲದ ಮೇಲಿನ ಕುಪ್ಪಳಿಕೆ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸಬೇಕು. ತೆಳು ಬಲೆಯಲ್ಲಿ ಹಿಡಿದು, ತೊಟ್ಟು ರಕ್ತ ತೆಗೆದು, ಡಿಎನ್‌ಎ ಓದಿದಾಗ ಗೊತ್ತಾಯಿತು: ಹತ್ತಿರದ ನೆಂಟರು ನೊಣಹಿಡುಕಗಳು! 2017ರಲ್ಲಿ ಇವಕ್ಕೆಂದೇ 'ಶೋಲಿಕೋಲ' ಎಂಬ ಹೊಸ ಕುಲ ಕಟ್ಟಿದರು, ಆಶಂಬುವಿನದ್ದಕ್ಕೆ ಹೊಸ ಪ್ರಭೇದದ ಪಟ್ಟವೂ ಸಿಕ್ಕಿತು. ಬರೆದವರು ವಿ.ವಿ. ರಾಬಿನ್, ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು. ನೀಲಿ ರಾಬಿನ್ ಅಂತಲೂ ಕರೆಸಿಕೊಳ್ಳುವ ಹಕ್ಕಿಯ ಹಿಂದೆ ರಾಬಿನ್ ಎಂಬವರೇ ಬಿದ್ದದ್ದು ನನಗಂತೂ ತಮಾಷೆ. ಉಮಾ ಅವರ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ ಇರುವುದು ಇದೇ ಜಿಕೆವಿಕೆ ಆವರಣದಲ್ಲಿ. ದಾಯಾದಿ ದಿನಾ ಹಾಡುವ ಅಂಗಳದಲ್ಲೇ ವಂಶವೃಕ್ಷ ಬಿಡಿಸಿದ ಹಾಗಾಯಿತು.

ಬೆಟ್ಟಕ್ಕೆ ಹೋಗುವ ಮುಂಚೆ ಈ ಬಿದಿರಿನ ಕೆಳಗೆ ಒಂದು ತಿಂಗಳು ಕಿವಿ ಪಳಗಿಸಿ ಅನ್ನುವುದು ನನ್ನ ಹಟ. ಶೋಲಾದಲ್ಲಿ ಕಣ್ಣಿಗೆ ಕೆಲಸ ಕಡಿಮೆ. ಕಳೆದ ಬಾರಿ ಎರಡು ಗಂಟೆ ಅಲುಗದೆ ಕೂತದ್ದಕ್ಕೆ ಪೊದೆಯೊಳಗಿಂದ ನಿಧಾನದ ಸಿಳ್ಳೆ, ಒದ್ದೆ ತರಗೆಲೆಯ ಮೇಲೆ ಎರಡು ಜಿಗಿತ, ಪಕ್ಕೆಯ ಇಟ್ಟಿಗೆ ಬಣ್ಣ, ಅಷ್ಟೇ. ಬೈನಾಕ್ಯುಲರ್ ಎತ್ತುವಷ್ಟರಲ್ಲಿ ಇಲ್ಲ. ಕಾಲುಚೀಲ ತೆಗೆದಾಗ ಇಂಬಳ ಮಾತ್ರ ಐದು ಇದ್ದವು.