ಶಾರ್ಕ್ಸ್ ತೋಟದಲ್ಲಿ ಅಡಿಕೆ ಯಾರು, ಬಾಳೆ ಯಾರು?

ಹಾಕಿ ಅಂದ ಕೂಡಲೇ ನಮಗೆ ನೆನಪಾಗೋದು ಕೊಡಗು. ನಾನೀಗ ಹೇಳ ಹೊರಟಿರೋದು ಮಂಜುಗಡ್ಡೆ ಮೇಲಿನ ಹಾಕಿಯ ಕಥೆ. ಬೇ ಏರಿಯಾಕ್ಕೆ ಆನ್‌ಸೈಟ್ ಹೋಗಿಬಂದವರು ಸ್ಯಾನ್ ಹೋಸೆಯ ಡಿರಿಡಾನ್ ಸ್ಟೇಷನ್ ಹತ್ತಿರ ಎಸ್‌ಎಪಿ ಸೆಂಟರ್ ಅನ್ನೋ ದೊಡ್ಡ ಒಳಾಂಗಣ ನೋಡಿರ್ತೀರಿ. ಅದು ಎನ್‌ಎಚ್‌ಎಲ್‌ನ ಸ್ಯಾನ್ ಹೋಸೆ ಶಾರ್ಕ್ಸ್ ತಂಡದ ಮನೆ. ಆರು ಸೀಸನ್‌ನಿಂದ ಈ ಮನೆಗೆ ಪ್ಲೇಆಫ್ ಬಂದಿಲ್ಲ. ಕಳೆದ ಎರಡು ಸೀಸನ್ ಇಡೀ ಲೀಗ್‌ನಲ್ಲೇ ಕೊನೇ ಸ್ಥಾನ. 2023-24ರಲ್ಲಿ 82 ಪಂದ್ಯಕ್ಕೆ 19 ಗೆಲುವು, 47 ಅಂಕ. 2024-25ರಲ್ಲಿ 20 ಗೆಲುವು, 52 ಅಂಕ. ಒಂದು ವರ್ಷದ ಪ್ರಗತಿ ಅಂದ್ರೆ ಐದೇ ಅಂಕ!

ಇದಕ್ಕೆ ಅಲ್ಲಿ 'ರೀಬಿಲ್ಡ್' ಅಂತ ಹೆಸರು. ಹಳೇ ಮನೆ ಕೆಡವಿ ಹೊಸದು ಕಟ್ಟೋದು. ಕೆಡವೋ ಕೆಲಸ ಚೆನ್ನಾಗಿಯೇ ಆಗಿದೆ, ಅದನ್ನು ಮೊದಲು ಒಪ್ಪಿಕೊಳ್ತೀನಿ. ನನ್ನ ತಕರಾರು ಕಟ್ಟೋದರ ಬಗ್ಗೆ.

ಕೆಡವಬೇಕಾಗಿ ಬಂದದ್ದು ಯಾಕೆ? ಶಾರ್ಕ್ಸ್ ಕಳಪೆ ತಂಡವೇನೂ ಆಗಿರಲಿಲ್ಲ. 2016ರಲ್ಲಿ ಸ್ಟ್ಯಾನ್ಲಿ ಕಪ್ ಫೈನಲ್, 2019ರಲ್ಲಿ ಕಾನ್ಫರೆನ್ಸ್ ಫೈನಲ್. ಆ ಸುಖದಲ್ಲಿ, ವಯಸ್ಸಾಗುತ್ತಿದ್ದ ಆಟಗಾರರಿಗೆಲ್ಲ ಎಂಟೆಂಟು ವರ್ಷದ ಒಪ್ಪಂದ ಬರೆದುಕೊಟ್ಟರು. ಎರಿಕ್ ಕಾರ್ಲ್ಸನ್‌ಗೆ ವರ್ಷಕ್ಕೆ 1.15 ಕೋಟಿ ಡಾಲರ್, ಲೋಗನ್ ಕೂಚರ್‌ಗೆ 80 ಲಕ್ಷ, ವ್ಲಾಸಿಕ್‌ಗೆ 70 ಲಕ್ಷ. ಕಾರ್ಲ್ಸನ್‌ನನ್ನು ಒಟ್ಟಾವಾದಿಂದ ತರಲು ಕೊಟ್ಟ ಬೆಲೆಯಲ್ಲಿ 2020ರ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಯೂ ಸೇರಿತು. ಅದೇ ಸೀಸನ್‌ನಲ್ಲಿ ತಂಡ ಕುಸಿಯಿತು, ಆ ಆಯ್ಕೆ ಮೂರನೇ ಸ್ಥಾನಕ್ಕೆ ಬಂತು, ಒಟ್ಟಾವಾ ಅದರಲ್ಲಿ ಟಿಮ್ ಸ್ಟುಟ್ಸ್‌ಲೆಯನ್ನು ಎತ್ತಿಕೊಂಡಿತು. ಮುಂದಿನ ಬೆಳೆಯನ್ನು ಅಡವಿಟ್ಟು ಈ ವರ್ಷದ ಜಾತ್ರೆ ಮಾಡಿದ ಹಾಗೆ.

2022ರ ಜುಲೈನಲ್ಲಿ ಮೈಕ್ ಗ್ರಿಯರ್ ಜನರಲ್ ಮ್ಯಾನೇಜರ್ ಆಗಿ ಬಂದರು. ಎನ್‌ಎಚ್‌ಎಲ್ ಇತಿಹಾಸದ ಮೊದಲ ಕಪ್ಪುವರ್ಣೀಯ ಜಿಎಂ. ಬಂದವರೇ ಒಂದೊಂದಾಗಿ ಮಾರತೊಡಗಿದರು. ಮಾರಿದ್ದಕ್ಕೆ ಏನು ಬಂತು ಅಂತ ಲೆಕ್ಕ ಹಾಕಿದರೆ ಆಸಾಮಿ ಜಾಣ ಅನಿಸುತ್ತೆ. ಕಾರ್ಲ್ಸನ್‌ನನ್ನು ಪಿಟ್ಸ್‌ಬರ್ಗ್‌ಗೆ ಕೊಟ್ಟಾಗ ಬಂದ ಮೊದಲ ಸುತ್ತಿನ ಆಯ್ಕೆ 2024ರಲ್ಲಿ 14ನೆಯದಾಯಿತು. ಅದನ್ನು ಮುಂದಿಟ್ಟು ಬಫಲೋ ಜೊತೆ ವ್ಯವಹಾರ ಮಾಡಿ 11ಕ್ಕೆ ಏರಿ, ಡಿಫೆನ್ಸ್ ಹುಡುಗ ಸ್ಯಾಮ್ ಡಿಕಿನ್ಸನ್‌ನನ್ನು ತಂದರು. ತೊಮಾಸ್ ಹರ್ಟ್ಲ್‌ನನ್ನು ವೇಗಸ್‌ಗೆ ಕೊಟ್ಟು ಪಡೆದದ್ದನ್ನು ನ್ಯಾಶ್‌ವಿಲ್‌ಗೆ ದಾಟಿಸಿ, ಭವಿಷ್ಯದ ಗೋಲಿ ಅಂತ ಎಲ್ಲರೂ ಹೇಳೋ ಯಾರೊಸ್ಲಾವ್ ಆಸ್ಕರೋವ್‌ನನ್ನು ತಂದರು. ಮೂವತ್ತು ದಾಟಿದವರನ್ನು ಕೊಟ್ಟು ಇಪ್ಪತ್ತರ ಆಸುಪಾಸಿನವರನ್ನು ಪಡೆಯೋದು ಸುಲಭದ ಮಾತಲ್ಲ.

ಜೊತೆಗೆ ಸೋತಿದ್ದರ ಫಲ. 2023ರಲ್ಲಿ ನಾಲ್ಕನೇ ಆಯ್ಕೆ ವಿಲ್ ಸ್ಮಿತ್ (ಸಿನಿಮಾದವನಲ್ಲ), 2024ರಲ್ಲಿ ಲಾಟರಿ ಹೊಡೆದು ಮೊದಲನೇ ಆಯ್ಕೆ ಮ್ಯಾಕ್ಲಿನ್ ಸೆಲೆಬ್ರಿನಿ, 2025ರಲ್ಲಿ ಎರಡನೇ ಆಯ್ಕೆ ಮೈಕಲ್ ಮೀಸಾ. ಸೆಲೆಬ್ರಿನಿಯಂತೂ ಹದಿನೆಂಟನೇ ವಯಸ್ಸಿಗೆ, ಅಷ್ಟು ಸೋಲುವ ತಂಡದಲ್ಲಿ, 70 ಪಂದ್ಯದಲ್ಲಿ 63 ಪಾಯಿಂಟ್ ಮಾಡಿದ. ಕಣ್ಣು ತುಂಬೋ ಆಟ.

ಹಾಗಾದ್ರೆ ಸಮಸ್ಯೆ ಏನು? ಒಳ್ಳೇ ಸಸಿ ತಂದ ಮಾತ್ರಕ್ಕೆ ತೋಟ ಆಗೋದಿಲ್ಲ, ಅಷ್ಟೆ. ಎಡ್ಮಂಟನ್ ನೋಡಿ. 2010, 2011, 2012 ಸಾಲಾಗಿ ಮೂರು ವರ್ಷ ಮೊದಲನೇ ಆಯ್ಕೆ. ಆದರೂ ಒಟ್ಟು ಹತ್ತು ಸೀಸನ್ ಪ್ಲೇಆಫ್ ಮುಖ ನೋಡಲಿಲ್ಲ, 2015ರಲ್ಲಿ ನಾಲ್ಕನೇ ಲಾಟರಿಯಾಗಿ ಮೆಕ್‌ಡೇವಿಡ್ ಸಿಕ್ಕಮೇಲೇ ಉಸಿರು ಬಂದದ್ದು. ಬಫಲೋ ಇನ್ನೂ ಕರುಣಾಜನಕ. 2011ರ ನಂತರ ಒಮ್ಮೆಯೂ ಪ್ಲೇಆಫ್ ಇಲ್ಲ, 14 ಸೀಸನ್, ಲೀಗ್ ದಾಖಲೆ. 2015ರಲ್ಲಿ ಎರಡನೆಯವನಾಗಿ ಆರಿಸಿದ ಜ್ಯಾಕ್ ಐಕೆಲ್ ಕೊನೆಗೆ ವೇಗಸ್‌ಗೆ ಹೋಗಿ 2023ರಲ್ಲಿ ಕಪ್ ಎತ್ತಿದ. ಇತ್ತ ಕೊಲರಾಡೋ 2016-17ರಲ್ಲಿ ಬರೀ 48 ಅಂಕ ಗಳಿಸಿ ಕೊನೆಗೆ ಬಿತ್ತು, ಲಾಟರಿಯಲ್ಲೂ ಸೋತು ನಾಲ್ಕಕ್ಕೆ ಜಾರಿತು. ಆ ನಾಲ್ಕರಲ್ಲಿ ಡಿಫೆನ್ಸ್‌ನ ಕೇಲ್ ಮಕಾರ್‌ನನ್ನು ಆರಿಸಿ, ಸುತ್ತ ತಂಡ ಕಟ್ಟಿ, ಐದೇ ವರ್ಷಕ್ಕೆ ಕಪ್ ಗೆದ್ದಿತು. ವ್ಯತ್ಯಾಸ ಇದ್ದದ್ದು ಆರಿಸಿದವರ ಸುತ್ತ ಏನು ಬೆಳೆಸಿದರು ಅನ್ನೋದರಲ್ಲಿ.

ನಮ್ಮ ಕಡೆ ಹೊಸ ಅಡಿಕೆ ತೋಟ ಹಾಕುವಾಗ ನಡುವೆ ಬಾಳೆ ಇಡ್ತಾರೆ. ಅಡಿಕೆ ಫಲಕ್ಕೆ ಬರಲು ಐದಾರು ವರ್ಷ ಬೇಕು. ಅಲ್ಲಿವರೆಗೆ ಎಳೇ ಸಸಿಗೆ ಬಿಸಿಲು ತಾಗದ ಹಾಗೆ ಬಾಳೆ ನೆರಳು ಕೊಡುತ್ತೆ, ಮನೆ ಖರ್ಚಿಗೆ ಒಂದಿಷ್ಟು ಗೊನೆಯನ್ನೂ ಕೊಡುತ್ತೆ. ಬಾಳೆ ಶಾಶ್ವತ ಅಲ್ಲ ಅಂತ ಇಡುವವನಿಗೂ ಗೊತ್ತು. ಆದರೆ ಸಸಿ ತಲೆಯೆತ್ತೋ ಮೊದಲೇ ಯಾರೂ ಬಾಳೆ ಕಡಿಯೋದಿಲ್ಲ.

ಶಾರ್ಕ್ಸ್ ಮಾಡುತ್ತಿರೋದು ಅದನ್ನೇ. ಕಳೆದ ಸೀಸನ್ ನಡುವೆಯೇ ಗೋಲಿ ಬ್ಲ್ಯಾಕ್‌ವುಡ್ ಕೊಲರಾಡೋಗೆ, ಗ್ರಾನ್‌ಲುಂಡ್ ಮತ್ತು ಸಿಸಿ ಡಲ್ಲಾಸ್‌ಗೆ ಹೋದರು. ವಯಸ್ಸಾದವರು, ಇರಲಿ ಅನ್ನೋಣ. ಆದರೆ ಫೇಬಿಯನ್ ಜೆಟರ್‌ಲುಂಡ್‌ಗೆ 25 ವರ್ಷ! ಹಿಂದಿನ ಸೀಸನ್‌ನಲ್ಲಿ 24 ಗೋಲು ಹೊಡೆದವನು. ಅವನನ್ನೂ ಮಾರ್ಚ್‌ನಲ್ಲಿ ಒಟ್ಟಾವಾಗೆ ಕಳಿಸಿದರು. ಸೆಲೆಬ್ರಿನಿ, ಸ್ಮಿತ್ ಬಲಿಯೋ ಹೊತ್ತಿಗೆ 27-28ರ ಹರೆಯದಲ್ಲಿ ಇರುತ್ತಿದ್ದವನು ಅವನು. ಬದಲಿಗೆ ಬಂದದ್ದರಲ್ಲಿ ಮುಖ್ಯವಾದದ್ದು ಇನ್ನೊಂದು ಎರಡನೇ ಸುತ್ತಿನ ಆಯ್ಕೆ. ಅಂದ್ರೆ ಮತ್ತೆ ಸಸಿ, ಮತ್ತೆ ನಾಲ್ಕು ವರ್ಷ.

ಡಿಫೆನ್ಸ್ ಕಥೆ ಇನ್ನೂ ಕಷ್ಟ. ಎರಡೂ ಸೀಸನ್‌ನಲ್ಲಿ 300ಕ್ಕೂ ಹೆಚ್ಚು ಗೋಲು ಬಿಟ್ಟುಕೊಟ್ಟರು. 2023ರ ನವೆಂಬರ್‌ನಲ್ಲಂತೂ ಬೆನ್ನುಬೆನ್ನಿಗೆ ಎರಡು ಪಂದ್ಯದಲ್ಲಿ ಹತ್ತು ಹತ್ತು ಗೋಲು ತಿಂದರು. ಅಂಥ ಗೋಡೆಯ ಹಿಂದೆ ಆಸ್ಕರೋವ್‌ನನ್ನು ನಿಲ್ಲಿಸಿ 'ಬೆಳಿ ಮಗಾ' ಅಂದರೆ ಹೇಗೆ?

ಈ ಬೇಸಿಗೆಯಲ್ಲಿ ಎರಡು ಸಂಗತಿ ನಡೆದವು. ಒಂದು, 34ರ ಡಿಮಿಟ್ರಿ ಒರ್ಲೋವ್‌ನನ್ನು ಎರಡು ವರ್ಷಕ್ಕೆ ತಂದರು. 2018ರಲ್ಲಿ ವಾಷಿಂಗ್ಟನ್ ಜೊತೆ ಕಪ್ ಗೆದ್ದವನು. ಕಳೆದ ವರ್ಷ ತಂದ ಟೈಲರ್ ಟೊಫೋಲಿ ಹಾಗೆಯೇ ಒಳ್ಳೇ ಬಾಳೆ. ಇನ್ನೊಂದು, ಕ್ಯಾರಿ ಪ್ರೈಸ್‌ನ ಒಪ್ಪಂದ ತಂದರು. 2022ರ ಏಪ್ರಿಲ್ ನಂತರ ಪಂದ್ಯ ಆಡದ ಗೋಲಿ ಈತ, ಇನ್ನು ಆಡುವುದೂ ಇಲ್ಲ. ಆದರೆ ಪುಸ್ತಕದಲ್ಲಿ 1.05 ಕೋಟಿ ಡಾಲರ್ ಲೆಕ್ಕ. ಈ ಸೀಸನ್‌ಗೆ ಲೀಗ್ ಹೇಳಿರೋ ಗರಿಷ್ಠ ಸಂಬಳ ಮಿತಿ 9.55 ಕೋಟಿ, ಕನಿಷ್ಠ 7.06 ಕೋಟಿ. ಆ ಕನಿಷ್ಠದ ಲೆಕ್ಕ ತುಂಬಿಸೋಕೆ ಇಂಥ ಹೆಸರು ಸಾಕು, ಮಂಜಿನ ಮೇಲೆ ಆಡೋದಕ್ಕೆ ಸಾಲದು. ಆಫೀಸಿನಲ್ಲಿ ಯಾರೂ ಕೂರದ ಸೀಟನ್ನು ಹೆಡ್‌ಕೌಂಟ್‌ನಲ್ಲಿ ತೋರಿಸಿದ ಹಾಗೆ. ನಿಯಮದೊಳಗೇ ಇದೆ, ತಪ್ಪಲ್ಲ. ಆದರೆ ಅಷ್ಟು ಜಾಗ ಖಾಲಿ ಇದ್ದಾಗ ಇನ್ನೊಬ್ಬ ಗಟ್ಟಿ ಡಿಫೆನ್ಸ್ ಆಟಗಾರನಿಗೆ ಬೆಲೆ ಕಟ್ಟಬಾರದಿತ್ತೇ?

ಸೋಲೋ ತಂಡಕ್ಕೆ ದೊಡ್ಡ ಆಟಗಾರ ಯಾಕೆ ಬರ್ತಾನೆ, ಅಂತ ಗ್ರಿಯರ್ ಪರ ಇರೋರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಅದಕ್ಕೇ ಹೆಚ್ಚು ಹಣ, ಕಡಿಮೆ ವರ್ಷ ಕೊಡಬೇಕು. ಒರ್ಲೋವ್ ಬಂದದ್ದು ಹಾಗೆಯೇ ತಾನೆ?

ಅವಸರ ಯಾಕೆ ಅಂದ್ರೆ, ಗಡಿಯಾರ ಓಡುತ್ತಿದೆ. ಸೆಲೆಬ್ರಿನಿ, ಸ್ಮಿತ್ ಇಬ್ಬರೂ ಮೂರು ವರ್ಷದ ಮೊದಲ ಒಪ್ಪಂದದಲ್ಲಿದ್ದಾರೆ, ಬೋನಸ್ ಬಿಟ್ಟರೆ ವರ್ಷಕ್ಕೆ 10 ಲಕ್ಷ ಡಾಲರ್ ಒಳಗೆ. ಎರಡೂ ಮುಗಿಯೋದು 2027ರ ಬೇಸಿಗೆಯಲ್ಲಿ. ಆಮೇಲೆ ಇಬ್ಬರಿಗೂ ಕೋಟಿಯ ಮಾತು. ತಾರೆಗಳು ಅಗ್ಗಕ್ಕೆ ಸಿಗೋದು ಈ ಎರಡು ಸೀಸನ್ ಮಾತ್ರ. ಇದನ್ನು ಮತ್ತೊಂದು ಲಾಟರಿ ಟಿಕೆಟ್‌ಗೆ ಕಳೆದರೆ ಇಷ್ಟು ಸೋತಿದ್ದು ವ್ಯರ್ಥ. ಆ ಲಾಟರಿಯಾದರೂ ಏನು ಗ್ಯಾರಂಟಿ? ಕೊನೇ ಸ್ಥಾನದ ತಂಡಕ್ಕೆ ಮೊದಲ ಆಯ್ಕೆ ಸಿಗೋ ಸಾಧ್ಯತೆ 25.5 ಪರ್ಸೆಂಟ್. 2025ರಲ್ಲಿ ಶಾರ್ಕ್ಸ್‌ಗೆ ಅದು ಕೈತಪ್ಪಿತು, ಐಲ್ಯಾಂಡರ್ಸ್ ಹಾರಿಸಿಕೊಂಡು ಹೋದರು.

ನನ್ನ ಬೇಡಿಕೆ ಕಪ್ ಅಲ್ಲ. ಮಾರ್ಚ್ ತಿಂಗಳ ಸಂತೆಯನ್ನು ಈ ಸಲ ನಿಲ್ಲಿಸಲಿ. ಡಿಕಿನ್ಸನ್‌ಗೆ ನಿಜವಾಗಿ ಆಡಲು ಸಿಗುವುದಾದರೆ ಮಾತ್ರ ಇಲ್ಲಿ ಇಟ್ಟುಕೊಳ್ಳಲಿ. ಬೆಂಚಿನಲ್ಲಿ ಕೂರಿಸೋದಕ್ಕಿಂತ ಜೂನಿಯರ್ ತಂಡವೇ ವಾಸಿ. ಫೆಬ್ರವರಿ ಬಂದಾಗಲೂ ಗೆದ್ದರೆ ಲಾಭ ಇದೆ ಅನ್ನೋ ಪಂದ್ಯಗಳನ್ನು ಈ ಹುಡುಗರು ಆಡಲಿ. ಗೆಲ್ಲೋದು ಹೇಗೆ ಅಂತ ಸೋತೂ ಸೋತೂ ಕಲಿಯೋಕಾಗಲ್ಲ. ಬಫಲೋದಲ್ಲಿ ಹದಿನಾಲ್ಕು ವರ್ಷದಿಂದ ಸಾಬೀತಾಗಿರೋದು ಇಷ್ಟೇ.

ಸಸಿ ನಾಟಿಯಾಗಿದೆ, ನೆಲವೂ ಚೆನ್ನಾಗಿದೆ. ಇನ್ನು ಎರಡು ಬೇಸಿಗೆ ಬಾಳೆಗೆ ಕತ್ತಿ ಹಾಕದೆ ಇದ್ದರೆ ಸಾಕು.

(ಸೆಪ್ಟೆಂಬರ್ 2025)